ಪೌಲ್ ಮೂರು ಸಲ ಸತ್ತ ಬಗೆ: ಪರಿಚಿತ ಕತೆಗಳ ಹಳೆಯ, ಹೊಸ ಚಿತ್ರರೂಪಗಳು

(ಉಪನ್ಯಾಸವೊಂದರ ಬರಹ ರೂಪ)

ಜರ್ಮನ್ ಲೇಖಕ ಎರಿಕ್ ಮರಿಯಾ ರಿಮಾರ್ಕ್‌ನ ‘ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್’ ಕಾದಂಬರಿಯ ಕೊನೆಯ ಪುಟವನ್ನು ಓದಿದವರು ಅದನ್ನು ಮರೆಯುವುದು ಕಷ್ಟ. ಮೊದಲ ಮಹಾಯುದ್ಧದಲ್ಲಿ ಕಾದುತ್ತಿರುವ ಪೌಲ್ ಎಂಬ ಜರ್ಮನ್ ಹುಡುಗ ಕತೆಯುದ್ದಕ್ಕೂ ‘ನಾನು’ ಎಂದು ಹೇಳಿಕೊಳ್ಳುತ್ತಾ ಬಂದಿರುತ್ತಾನೆ. ಕೊನೆಯ ಪುಟದಲ್ಲಿ ಆ ‘ನಾನು’ ನಿಂತುಹೋಗುತ್ತದೆ. ಬೇರೆ ಯಾರೋ ‘ಅವನು’ ಎಂದು ಮಾತು ಶುರುಮಾಡಿ, 1918ರ ಅಕ್ಟೋಬರಿನಲ್ಲಿ ಅವನು ಸತ್ತನೆಂದೂ, ಅಂದು ರಣರಂಗದ ಉದ್ದಕ್ಕೂ ಎಷ್ಟು ಶಾಂತವಾಗಿತ್ತೆಂದರೆ ಸೇನೆಯ ವರದಿ ಒಂದೇ ವಾಕ್ಯದಲ್ಲಿ ಮುಗಿದಿತ್ತೆಂದೂ ತಿಳಿಸುತ್ತಾರೆ. ಆ ವಾಕ್ಯದ ಪ್ರಕಾರ ಪಶ್ಚಿಮದಲ್ಲಿ ಅಂದು ವಿಶೇಷವೇನೂ ಇರಲಿಲ್ಲ. ಅವನು ಸಾಯುವ ಹೊತ್ತಿನಲ್ಲಿ ಏನು ಮಾಡುತ್ತಿದ್ದ, ಏನನ್ನು ನೋಡುತ್ತಿದ್ದ, ಯಾರು ಕೊಂದರು ಎಂಬುದನ್ನು ಕಾದಂಬರಿ ಹೇಳುವುದಿಲ್ಲ.

ಪರಿಚಿತ ಕತೆಗಳ ಹೊಸ ಚಿತ್ರರೂಪಗಳನ್ನು ಹಳೆಯವುಗಳ ಪಕ್ಕದಲ್ಲಿ ಇಟ್ಟು ನೋಡುವುದು ಹೇಗೆ ಎಂಬ ಇಂದಿನ ವಿಷಯಕ್ಕೆ ನಾನು ಈ ಪುಟದಿಂದಲೇ ಪ್ರವೇಶಿಸುತ್ತಿದ್ದೇನೆ. ಸರ್ವನಾಮ ಬದಲಾಯಿಸಿ ಒಂದು ಸಾವನ್ನು ಹೇಳಿಬಿಡುವ ಉಪಾಯ ಬರಹಕ್ಕೆ ದಕ್ಕಿದ್ದು, ಕ್ಯಾಮೆರಾಕ್ಕೆ ಸರ್ವನಾಮವಿಲ್ಲ. ಆದ್ದರಿಂದ ಈ ಕತೆಯನ್ನು ತೆರೆಗೆ ತಂದ ಮೂವರು ನಿರ್ದೇಶಕರೂ ಕಾದಂಬರಿ ಖಾಲಿ ಬಿಟ್ಟ ಜಾಗವನ್ನು ತಾವೇ ತುಂಬಬೇಕಾಯಿತು. ಮೂವರೂ ಬೇರೆಬೇರೆ ರೀತಿಯಲ್ಲಿ ತುಂಬಿದರು.

1930ರಲ್ಲಿ ಲೂಯಿಸ್ ಮೈಲ್‌ಸ್ಟೋನ್ ಮಾಡಿದ ಕಪ್ಪು ಬಿಳುಪು ಚಿತ್ರದಲ್ಲಿ ಪೌಲ್ ಕಂದಕದ ಆಚೆ ಕೂತ ಒಂದು ಚಿಟ್ಟೆಯನ್ನು ಕಾಣುತ್ತಾನೆ. ಅದರತ್ತ ಕೈ ಚಾಚುತ್ತಾನೆ. ದೂರದಲ್ಲಿ ಫ್ರೆಂಚ್ ಸೈನಿಕನೊಬ್ಬ ಗುರಿಯಿಡುವುದನ್ನು ನಮಗೆ ತೋರಿಸಲಾಗುತ್ತದೆ. ಗುಂಡಿನ ಸದ್ದಾಗುತ್ತದೆ, ತೆರೆಯ ಮೇಲೆ ಇರುವುದು ಒಂದು ಕೈ ಮಾತ್ರ, ಅದು ಅದುರಿ, ಸಡಿಲವಾಗಿ, ಅಲ್ಲೇ ಉಳಿಯುತ್ತದೆ. ಆ ಕೈ ನಟನದ್ದಲ್ಲ, ನಿರ್ದೇಶಕ ಮೈಲ್‌ಸ್ಟೋನನದ್ದು. ಈ ಚಿಟ್ಟೆ ಎಲ್ಲಿಂದಲೋ ಹಾರಿ ಬಂದದ್ದಲ್ಲ. ಯುದ್ಧಕ್ಕೆ ಮೊದಲು ಪೌಲ್ ಚಿಟ್ಟೆಗಳನ್ನು ಸಂಗ್ರಹಿಸುತ್ತಿದ್ದ. ರಜೆಯಲ್ಲಿ ಮನೆಗೆ ಹೋದಾಗ ಆ ಸಂಗ್ರಹವನ್ನು ಅವನೂ ನೋಡುತ್ತಾನೆ, ನಾವೂ ನೋಡುತ್ತೇವೆ. ಕೊನೆಯ ದೃಶ್ಯದ ಕೈ ಚಾಚುವುದು ಹಾಗೆ ಕಳೆದುಹೋದ ಆ ಹುಡುಗನ ಕಡೆಗೇ.

1979ರಲ್ಲಿ ಡೆಲ್ಬರ್ಟ್ ಮ್ಯಾನ್ ಇದೇ ಕತೆಯನ್ನು ದೂರದರ್ಶನಕ್ಕಾಗಿ ಮಾಡಿದಾಗ ಚಿಟ್ಟೆ ಹಕ್ಕಿಯಾಯಿತು. ಪೌಲ್ ಅದರ ಚಿತ್ರ ಬರೆಯುತ್ತಾ ಮೈಮರೆತು ಎದ್ದು ನಿಲ್ಲುತ್ತಾನೆ, ಗುಂಡು ತಗಲುತ್ತದೆ. ಇಲ್ಲಿ ಕಾಣುವುದು ಮೊದಲ ಚಿತ್ರಕ್ಕೆ ಸಲ್ಲಿಸಿದ ಗೌರವ. ಹೊಸ ಯೋಚನೆ ಕಡಿಮೆ. ಕಾದಂಬರಿಯಲ್ಲೇ ಇಲ್ಲದ ಒಂದು ಕಲ್ಪನೆಯನ್ನು ಐವತ್ತು ವರ್ಷಗಳ ನಂತರವೂ ಬಿಡಲಾಗದೆ ಹೋದದ್ದನ್ನು ಗಮನಿಸಬೇಕು: ಅಷ್ಟು ಹೊತ್ತಿಗೆ ಮೈಲ್‌ಸ್ಟೋನನ ಚಿಟ್ಟೆಯೇ ‘ಮೂಲ’ವಾಗಿಬಿಟ್ಟಿತ್ತು.

2022ರಲ್ಲಿ ಎಡ್ವರ್ಡ್ ಬರ್ಗರ್ ಈ ಕತೆಯನ್ನು ಮೊದಲ ಬಾರಿಗೆ ಜರ್ಮನ್ ಭಾಷೆಯಲ್ಲೇ ಚಿತ್ರವಾಗಿಸಿದ. ಇದರಲ್ಲಿ ಪೌಲ್ ಸಾಯುವುದು ಅಕ್ಟೋಬರಿನ ಶಾಂತ ದಿನದಂದಲ್ಲ, ನವೆಂಬರ್ 11ರಂದು. ಬೆಳಿಗ್ಗೆ ಹನ್ನೊಂದು ಗಂಟೆಗೆ ಕದನವಿರಾಮ ಜಾರಿಗೆ ಬರಲಿದೆ ಎಂಬುದು ಎಲ್ಲರಿಗೂ ಗೊತ್ತಿರುವಾಗ, ಸೋಲನ್ನು ಒಪ್ಪಲಾರದ ಸೇನಾಧಿಪತಿಯೊಬ್ಬ ಉಳಿದ ಕೆಲವೇ ನಿಮಿಷಗಳಲ್ಲಿ ಕೊನೆಯ ದಾಳಿಗೆ ಆಜ್ಞೆ ಕೊಡುತ್ತಾನೆ. ಯುದ್ಧ ಮುಗಿಯುವ ಗಳಿಗೆಯಲ್ಲಿ ಪೌಲ್‌ಗೆ ಹಿಂದಿನಿಂದ ಬಯೊನೆಟ್ ಇರಿಯುತ್ತದೆ. ಚಿಟ್ಟೆಯೂ ಇಲ್ಲ, ಹಕ್ಕಿಯೂ ಇಲ್ಲ.

ಈ ಮೂರರಲ್ಲಿ ಕಾದಂಬರಿಗೆ ಯಾವುದು ‘ನಿಷ್ಠ’ ಎಂದು ಕೇಳಿದರೆ ಉತ್ತರ ಕ್ಷಣದಲ್ಲಿ ಸಿಗುತ್ತದೆ: ಯಾವುದೂ ಅಲ್ಲ. ಪ್ರಶ್ನೆ ಅಲ್ಲಿಗೇ ಮುಗಿದುಹೋಗುತ್ತದೆ, ನಮ್ಮ ಕೈಗೆ ಏನೂ ಸಿಗುವುದಿಲ್ಲ. ಬದಲಿಗೆ, ಒಂದೇ ಗಳಿಗೆಯನ್ನು ಹಳೆಯದರಲ್ಲೂ ಹೊಸದರಲ್ಲೂ ಹುಡುಕಿ ಎದುರುಬದುರು ಇಟ್ಟು, ಇಲ್ಲಿ ಬದಲಾದದ್ದು ಏನು, ಬದಲಾಯಿಸಿದವನಿಗೆ ಅದರ ಅಗತ್ಯ ಏಕೆ ಬಿತ್ತು ಎಂದು ಕೇಳಿದರೆ ಎರಡು ಕಾಲಗಳು ತಮ್ಮ ಮನಸ್ಸನ್ನು ಬಿಚ್ಚಿಡುತ್ತವೆ. ನಾನು ಇಂದು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದಕ್ಕೆ ನಿದರ್ಶನ.

ಮೈಲ್‌ಸ್ಟೋನನ ಚಿತ್ರ ಬಂದಾಗ ಯುದ್ಧ ಮುಗಿದು ಹನ್ನೆರಡೇ ವರ್ಷವಾಗಿತ್ತು. ಚಿತ್ರಮಂದಿರದಲ್ಲಿ ಕೂತವರಲ್ಲಿ ಆ ಯುದ್ಧದಲ್ಲಿ ಕಾದಿದವರಿದ್ದರು, ಮಗನನ್ನು ಕಳೆದುಕೊಂಡ ತಾಯಂದಿರಿದ್ದರು. ಅವರಿಗೆ ರಣರಂಗದಷ್ಟೇ ಮುಖ್ಯವಾದದ್ದು ಮನೆ. ಅದಕ್ಕೇ ಆ ಚಿತ್ರದಲ್ಲಿ ಪೌಲ್ ರಜೆಯಲ್ಲಿ ಊರಿಗೆ ಹೋಗುವ ಭಾಗ ಅಷ್ಟು ದೀರ್ಘವಾಗಿದೆ, ಅಷ್ಟು ನೋವಿನದಾಗಿದೆ. ತನ್ನ ಹಳೆಯ ತರಗತಿಗೆ ಹೋಗಿ, ಅದೇ ಉಪಾಧ್ಯಾಯ ಹೊಸ ಹುಡುಗರನ್ನು ಯುದ್ಧಕ್ಕೆ ಹುರಿದುಂಬಿಸುತ್ತಿರುವಾಗ, ಪೌಲ್ ಕಂಡದ್ದನ್ನು ಕಂಡಂತೆ ಹೇಳುತ್ತಾನೆ. ಹುಡುಗರು ಅವನನ್ನು ಹೇಡಿ ಎನ್ನುತ್ತಾರೆ. ಬರ್ಗರ್‌ನ ಚಿತ್ರದಲ್ಲಿ ಈ ರಜೆಯೇ ಇಲ್ಲ. ಪೌಲ್ ಒಮ್ಮೆ ಹೊರಟವನು ಮನೆಯನ್ನು ಮತ್ತೆ ಕಾಣುವುದೇ ಇಲ್ಲ. ಇದು ದೊಡ್ಡ ನಷ್ಟ ಎಂದೇ ನಾನು ಭಾವಿಸುತ್ತೇನೆ. ಏಕೆಂದರೆ ರಿಮಾರ್ಕ್‌ನ ಕಾದಂಬರಿಯ ಒಡಲಲ್ಲಿರುವ ಸಂಕಟ ಸಾವಿನದ್ದಷ್ಟೇ ಆಗಿರಲಿಲ್ಲ. ಬದುಕಿ ಹಿಂದಿರುಗಿದರೂ ಮನೆಯವರೊಡನೆ ಆಡಲು ಮಾತೇ ಉಳಿದಿಲ್ಲವಲ್ಲ ಎಂಬ ಸಂಕಟವೂ ಅದಾಗಿತ್ತು.

ಆದರೆ ಬರ್ಗರ್ ಬಿಟ್ಟದ್ದನ್ನು ಎಣಿಸುವಾಗ ಸೇರಿಸಿದ್ದನ್ನೂ ನೋಡಬೇಕಾದದ್ದು ನ್ಯಾಯ. ಅವನ ಚಿತ್ರ ಒಂದು ಕೋಟಿನಿಂದ ಆರಂಭವಾಗುತ್ತದೆ. ಹೈನ್ರಿಕ್ ಎಂಬ ಸೈನಿಕ ದಾಳಿಯಲ್ಲಿ ಸಾಯುತ್ತಾನೆ. ಅವನ ಮೈಮೇಲಿನ ಸಮವಸ್ತ್ರವನ್ನು ಬಿಚ್ಚಿ, ಉಳಿದ ಹೆಣಗಳ ಬಟ್ಟೆಗಳೊಂದಿಗೆ ಮೂಟೆ ಕಟ್ಟಿ ಸಾಗಿಸುತ್ತಾರೆ. ರಕ್ತ ತೊಳೆಯುತ್ತಾರೆ. ಸಾಲುಸಾಲಾಗಿ ಕೂತ ಹೆಂಗಸರು ಹೊಲಿಗೆ ಯಂತ್ರಗಳಲ್ಲಿ ಗುಂಡಿನ ತೂತುಗಳನ್ನು ಮುಚ್ಚುತ್ತಾರೆ. ಆ ಬಟ್ಟೆ ಮತ್ತೆ ಹೊಸದೆಂಬಂತೆ ಮಡಿಕೆಯಾಗಿ, ಉತ್ಸಾಹದಿಂದ ಸೇನೆ ಸೇರಲು ನಿಂತ ಪೌಲ್‌ನ ಕೈಗೆ ಬರುತ್ತದೆ. ಕಾಲರಿನಲ್ಲಿ ಬೇರೊಬ್ಬನ ಹೆಸರಿರುವುದನ್ನು ಕಂಡು ಅವನು, ಇದು ಯಾರದ್ದೋ ಇರಬೇಕು ಎಂದು ಹಿಂದಿರುಗಿಸಲು ಹೋಗುತ್ತಾನೆ. ಅಧಿಕಾರಿ, ಅವನಿಗೆ ಅಳತೆ ಸರಿಹೋಗಿರಲಿಕ್ಕಿಲ್ಲ ಎಂದು ಹೇಳಿ, ಹೆಸರಿನ ಪಟ್ಟಿಯನ್ನು ಕಿತ್ತು ಕೆಳಗೆ ಹಾಕುತ್ತಾನೆ.

ಇದು ಕಾದಂಬರಿಯಲ್ಲಿ ಇಲ್ಲ. ಆದರೆ ಇದರ ಬೇರು ಕಾದಂಬರಿಯಲ್ಲೇ ಇದೆ. ಅಲ್ಲಿ ಕೆಮೆರಿಕ್ ಎಂಬ ಹುಡುಗನ ಒಳ್ಳೆಯ ಬೂಟುಗಳು ಅವನು ಸಾಯುವ ಮೊದಲೇ ಗೆಳೆಯನ ಕಣ್ಣಿಗೆ ಬಿದ್ದು, ಒಬ್ಬನ ಸಾವಿನಿಂದ ಇನ್ನೊಬ್ಬನ ಕಾಲಿಗೆ ದಾಟುತ್ತಾ ಹೋಗುತ್ತವೆ. ಮೈಲ್‌ಸ್ಟೋನ್ ಈ ಬೂಟುಗಳನ್ನು ಹಾಗೆಯೇ ಉಳಿಸಿಕೊಂಡು, ನಡೆಯುವ ಕಾಲುಗಳು ಬದಲಾಗುವುದನ್ನು ಕೆಲವೇ ಕ್ಷಣಗಳ ದೃಶ್ಯಸರಣಿಯಲ್ಲಿ ತೋರಿಸಿದ್ದ. ಅಲ್ಲಿ ಬೂಟು ದಾಟುವುದು ಗೆಳೆಯನಿಂದ ಗೆಳೆಯನಿಗೆ. ಕೊಡುವವನ ಮುಖವೂ ಪಡೆಯುವವನ ಮುಖವೂ ನಮಗೆ ಗೊತ್ತು. ಬರ್ಗರ್‌ನ ಕೋಟು ದಾಟುವುದು ಕಾರ್ಖಾನೆಯ ಮೂಲಕ, ಅಪರಿಚಿತನಿಂದ ಅಪರಿಚಿತನಿಗೆ. ನೂರು ವರ್ಷ ದೂರದಿಂದ ನೋಡುವವನಿಗೆ ಯುದ್ಧ ಗೆಳೆಯರ ಕತೆಯಾಗಿ ಕಾಣುವುದಕ್ಕಿಂತ ಯಂತ್ರದ ಕತೆಯಾಗಿ ಕಾಣುವುದು ಸಹಜ. ರಜೆಯ ಭಾಗವನ್ನು ಕಿತ್ತು, ಅದರ ಜಾಗದಲ್ಲಿ ಫ್ರಾನ್ಸಿನ ಕಾಂಪಿಯೇನ್ ಕಾಡಿನ ರೈಲುಡಬ್ಬಿಯಲ್ಲಿ ನಡೆದ ಕದನವಿರಾಮದ ಮಾತುಕತೆಯನ್ನು ಅವನು ತಂದದ್ದೂ ಇದೇ ಕಾರಣಕ್ಕೆ. ಅಲ್ಲಿ ಜರ್ಮನಿಯ ಪರವಾಗಿ ಸಹಿ ಹಾಕಿದ ಮಥಿಯಾಸ್ ಎರ್ಜ್‌ಬರ್ಗರ್ 1921ರಲ್ಲಿ ಕೊಲೆಯಾದ. ‘ಸೇನೆ ಸೋತಿರಲಿಲ್ಲ, ನಮ್ಮವರೇ ಬೆನ್ನಿಗೆ ಇರಿದರು’ ಎಂಬ ಸುಳ್ಳು ಮುಂದೆ ಎಂತಹ ಅನಾಹುತಕ್ಕೆ ದಾರಿಯಾಯಿತೆಂಬುದು ಜಗತ್ತಿಗೇ ಗೊತ್ತು. 1928ರಲ್ಲಿ ಬರೆಯುತ್ತಿದ್ದ ರಿಮಾರ್ಕ್‌ಗೆ ಆ ಮುಂದಿನದು ಗೊತ್ತಿರಲು ಸಾಧ್ಯವಿರಲಿಲ್ಲ. 2022ರಲ್ಲಿ ಚಿತ್ರ ಮಾಡುವ ಜರ್ಮನ್ ನಿರ್ದೇಶಕ ಅದನ್ನು ಗೊತ್ತಿಲ್ಲದವನಂತೆ ನಟಿಸಲಾರ.

ಹಾಗೆಂದು ಕೊನೆಯ ದಾಳಿಯನ್ನು ನಾನು ಸಮರ್ಥಿಸಲಾರೆ. ‘ಇನ್ನು ಕೆಲವೇ ಕ್ಷಣ ಕಳೆದಿದ್ದರೆ ಬದುಕುತ್ತಿದ್ದ’ ಎಂಬ ಮರುಕ ಅಲ್ಲಿ ಕಣ್ಣಿಗೆ ಕಟ್ಟುವಂತಿದೆ, ಆದರೆ ಕಾದಂಬರಿಯ ಕೊನೆಯ ಪುಟದ ಭೀಕರತೆ ಅದರ ತಣ್ಣನೆಯ ಸಾಮಾನ್ಯತೆಯಲ್ಲಿತ್ತು: ಒಬ್ಬ ಸತ್ತ, ವಿಶೇಷವೇನೂ ಇಲ್ಲ. ಬರ್ಗರ್‌ನ ಪೌಲ್ ಸಾಯುವ ದಿನ ಜಗತ್ತಿನಲ್ಲೇ ಅತ್ಯಂತ ವಿಶೇಷವಾದ ದಿನ. ಕೋಟಿನ ದೃಶ್ಯದಲ್ಲಿ ಬರ್ಗರ್ ಕಾದಂಬರಿಯನ್ನು ಆಳವಾಗಿ ಓದಿದ್ದಾನೆ. ಕೊನೆಯಲ್ಲಿ ಅದನ್ನು ಕೈಬಿಟ್ಟಿದ್ದಾನೆ. ಒಂದೇ ಚಿತ್ರದ ಬಗ್ಗೆ ಈ ಎರಡೂ ತೀರ್ಪುಗಳು ನಿಜವಾಗಿರಬಹುದು. ಇಡೀ ಚಿತ್ರವನ್ನು ಒಟ್ಟಾಗಿ ತಕ್ಕಡಿಗೆ ಹಾಕುವವರಿಗೆ ಇದು ಕಾಣುವುದಿಲ್ಲ.

ಇಲ್ಲಿ ನಮ್ಮ ಭಾಷೆಯ ಅನುಭವವನ್ನು ಒಂದು ಗಳಿಗೆ ನೆನೆಯಬೇಕು. ರಾಮಾಯಣವನ್ನು ಹೇಳಿದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದನು, ಅಲ್ಲಿ ಕಾಲಿಡಲು ತೆರಪಿಲ್ಲ ಎಂದ ಕುಮಾರವ್ಯಾಸ ಭಾರತವನ್ನು ಎತ್ತಿಕೊಂಡ; ಅದನ್ನಾದರೂ ಕನ್ನಡದಲ್ಲಿ ಅವನಿಗಿಂತ ಮೊದಲು ಪಂಪ ಹೇಳಿದ್ದ, ರನ್ನ ಹೇಳಿದ್ದ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆಯುತ್ತಾ ಶತ್ರುಪಕ್ಷದ ಅಭಿಮನ್ಯುವಿನ ಎದುರು ನಿಂತು ಅವನ ಶೌರ್ಯಕ್ಕೆ ಕೈಮುಗಿಯುವಾಗ, ಕವಿ ಮಾಡಿದ್ದು ಇಂದಿನ ಮಾತಿನಲ್ಲಿ ಹೇಳುವುದಾದರೆ ಕ್ಯಾಮೆರಾವನ್ನು ಸೋಲುವವನ ಹೆಗಲ ಮೇಲೆ ಇಟ್ಟದ್ದು. ಯುದ್ಧ ಅದೇ, ಫಲಿತಾಂಶ ಅದೇ. ನೋಡುವ ಜಾಗ ಬದಲಾಯಿತು, ಕತೆ ಬೇರೆಯಾಯಿತು. ಕಾವ್ಯ ಓದುವಾಗ ಇಷ್ಟು ಸಹಜವಾಗಿ ಒಪ್ಪುವ ನಾವು ಚಿತ್ರಗಳ ವಿಷಯದಲ್ಲಿ ಮಾತ್ರ ‘ಮೊದಲಿನ ಹಾಗಿಲ್ಲ’ ಎಂಬಲ್ಲಿಗೆ ಮಾತು ನಿಲ್ಲಿಸಿಬಿಡುತ್ತೇವೆ. ಇದಕ್ಕೆ ಒಂದು ಕಾರಣವಿದೆ. ತೆರೆ ಮುಖವನ್ನು ಕೊಡುತ್ತದೆ. ಓದಿದ ಪಾತ್ರಕ್ಕೆ ನಾವು ಕೊಟ್ಟ ಮುಖ ಮಸುಕಾಗಿರುತ್ತದೆ, ಬದಲಾಗಲು ಒಪ್ಪುತ್ತದೆ; ಚಿಕ್ಕವರಿದ್ದಾಗ ತೆರೆಯ ಮೇಲೆ ಕಂಡ ಮುಖ ಅಚ್ಚೊತ್ತಿ ಕೂತಿರುತ್ತದೆ. ಹೊಸ ನಟನನ್ನು ನೋಡುವಾಗ ಆಗುವ ಮುಜುಗರ ನಿಜವಾದದ್ದು, ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಅದು ನಮ್ಮ ನೆನಪಿನ ಬಗ್ಗೆ ಹೇಳುವ ಮಾತು, ಹೊಸ ಚಿತ್ರದ ಬಗ್ಗೆ ಹೇಳುವ ಮಾತಲ್ಲ.

ನೋಡುವ ಜಾಗದ ಮಾತು ಬಂದದ್ದರಿಂದ, ನನಗೆ ಅತ್ಯಂತ ಕುತೂಹಲಕರವಾಗಿ ಕಂಡ ಒಂದು ಹೋಲಿಕೆಯನ್ನು ನಿಮ್ಮ ಮುಂದಿಡುತ್ತೇನೆ. ಜೇಮ್ಸ್ ಕ್ಲಾವೆಲ್‌ನ ‘ಶೋಗನ್’ ಕಾದಂಬರಿ 1980ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಧಾರಾವಾಹಿಯಾಗಿ ಬಂದಾಗ, ಜಪಾನೀ ಪಾತ್ರಗಳು ಆಡುವ ಜಪಾನೀ ಮಾತಿಗೆ ಅಡಿಬರಹ ಇರಲಿಲ್ಲ. ಹಡಗೊಡೆದು ಆ ದೇಶಕ್ಕೆ ಬಂದ ಇಂಗ್ಲಿಷ್ ನಾವಿಕನಿಗೆ ಏನು ಅರ್ಥವಾಗುವುದಿಲ್ಲವೋ ಅದು ನೋಡುವವರಿಗೂ ಅರ್ಥವಾಗಬಾರದು ಎಂಬುದು ಅದರ ಹಿಂದಿನ ಯೋಚನೆ. ತೊಷಿರೊ ಮಿಫುನೆಯಂತಹ ಮಹಾನಟ ಕತೆಯ ಪ್ರಬಲ ಸಾಮಂತ ತೊರನಾಗನ ಪಾತ್ರದಲ್ಲಿದ್ದರೂ ಅವನ ಮಾತು ಬಹುಪಾಲು ನೋಡುಗರಿಗೆ ಬರೀ ಧ್ವನಿಯಾಗಿ ಉಳಿಯಿತು. 2024ರ ಹೊಸ ಧಾರಾವಾಹಿಯಲ್ಲಿ ಹೆಚ್ಚಿನ ಸಂಭಾಷಣೆ ಜಪಾನೀ ಭಾಷೆಯಲ್ಲೇ ಇದೆ, ಅಡಿಬರಹದೊಂದಿಗೆ. ಇದರಿಂದ ಆದದ್ದೇನೆಂದು ಮರಿಕೊ ಎಂಬ ದುಭಾಷಿಯ ದೃಶ್ಯಗಳಲ್ಲಿ ನೋಡಬೇಕು. ನಾವಿಕ ಒರಟಾಗಿ ಏನನ್ನೋ ಹೇಳುತ್ತಾನೆ. ಮರಿಕೊ ಅದನ್ನು ತನ್ನ ಒಡೆಯನಿಗೆ ಹೇಳುವಾಗ ಒರಟುತನವನ್ನು ತೆಗೆದು, ಬೇಕಾದಷ್ಟನ್ನು ಮಾತ್ರ ದಾಟಿಸುತ್ತಾಳೆ. ಹಳೆಯದರಲ್ಲಿ ನಾವು ಕೇಳುತ್ತಿದ್ದುದು ಆ ಮಾತುಕತೆಯ ಒಂದು ಬದಿಯನ್ನು. ಈಗ ಎರಡೂ ಬದಿಗಳನ್ನು ಬಲ್ಲವರು ಆ ಕೋಣೆಯಲ್ಲಿ ಮರಿಕೊ ಮತ್ತು ನಾವು ಮಾತ್ರ. ಹಾಗಾಗಿ ಕತೆಯ ಕೇಂದ್ರ ಯಾವ ಘೋಷಣೆಯೂ ಇಲ್ಲದೆ ನಾವಿಕನಿಂದ ಅವಳ ಕಡೆಗೆ ಸರಿಯುತ್ತದೆ. ಘಟನೆಗಳನ್ನು ಬದಲಿಸದೆಯೂ ಒಂದು ಅಡಿಬರಹ ಇಷ್ಟನ್ನು ಮಾಡಬಲ್ಲದು.

ಇದನ್ನು ಕೇಳಿ, ಅಡಿಬರಹ ಹಾಕುವುದೇ ಗೌರವ ಎಂಬ ನಿಯಮ ಮಾಡಿಕೊಳ್ಳುವ ಹಾಗಿಲ್ಲ. 2021ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ‘ವೆಸ್ಟ್ ಸೈಡ್ ಸ್ಟೋರಿ’ಯನ್ನು ಮತ್ತೆ ಮಾಡಿದಾಗ, ನ್ಯೂಯಾರ್ಕಿನ ಪೋರ್ಟೊ ರಿಕೊ ಮೂಲದ ಪಾತ್ರಗಳು ತಮ್ಮೊಳಗೆ ಆಡುವ ಸ್ಪ್ಯಾನಿಷ್ ಮಾತಿಗೆ ಬೇಕೆಂದೇ ಅಡಿಬರಹ ಹಾಕಲಿಲ್ಲ. ಈ ಭಾಷೆಯನ್ನು ಇಂಗ್ಲಿಷಿನ ಅಡಿಯಾಳಾಗಿ ನಿಲ್ಲಿಸಬಾರದು, ಅದು ತನ್ನ ಕಾಲ ಮೇಲೆ ತಾನು ನಿಲ್ಲಲಿ ಎಂಬುದು ಅವನ ನಿಲುವು. ಒಂದೇ ಉಪಾಯ, 1980ರಲ್ಲಿ ಜನರನ್ನು ಪರಕೀಯರನ್ನಾಗಿಸಿತು, 2021ರಲ್ಲಿ ಮನೆಯವರನ್ನಾಗಿಸಿತು. 1961ರ ಚಿತ್ರದಲ್ಲಿ ಪೋರ್ಟೊ ರಿಕೊ ಮೂಲದ ನಾಯಕಿ ಮರಿಯಾಳ ಪಾತ್ರವನ್ನು ನಟಾಲಿ ವುಡ್ ಮಾಡಿದ್ದಳು, ಅವಳ ಹಾಡುಗಳಿಗೆ ಬೇರೊಬ್ಬಳ ಕಂಠವಿತ್ತು. ಪೋರ್ಟೊ ರಿಕೊದಲ್ಲೇ ಹುಟ್ಟಿದ ರೀಟಾ ಮೊರೆನೊಳಿಗೂ ಅಂದು ಮುಖಕ್ಕೆ ಕಂದುಬಣ್ಣ ಬಳಿದಿದ್ದರು. ಹೊಸ ಚಿತ್ರದಲ್ಲಿ ಅದೇ ಮೊರೆನೊ ಅಂಗಡಿ ನಡೆಸುವ ಮುದುಕಿಯಾಗಿ ಬಂದು, ಹಿಂದೆ ಎರಡು ಎಳೆಯ ಪ್ರೇಮಿಗಳು ಹಾಡಿದ್ದ, ‘ನಮಗೂ ಎಲ್ಲೋ ಒಂದು ಜಾಗವಿದೆ’ ಎಂಬ ಆಶಯದ ಹಾಡನ್ನು ಒಬ್ಬಳೇ ಕೂತು ಹಾಡುತ್ತಾಳೆ. ಎಳೆಯರ ಬಾಯಲ್ಲಿ ಅದು ನಾಳೆಯ ಕನಸಾಗಿತ್ತು. ಅರವತ್ತು ವರ್ಷಗಳ ನಂತರ ಅವಳ ಬಾಯಲ್ಲಿ, ಆ ಜಾಗ ಇನ್ನೂ ಸಿಕ್ಕಿಲ್ಲ ಎಂಬ ಅರಿವಾಗುತ್ತದೆ. ಹಾಡಿನ ಒಂದು ಅಕ್ಷರವೂ ಬದಲಾಗಬೇಕಾಗಲಿಲ್ಲ. ನೃತ್ಯದ ವಿಷಯದಲ್ಲಿ ಹಳೆಯದೇ ಮೇಲು ಎನ್ನುವವರೊಡನೆ ನಾನು ವಾದಿಸುವುದಿಲ್ಲ, ಆದರೆ ಈ ಒಂದು ದೃಶ್ಯ ಹಳೆಯದಕ್ಕೆ ಎಂದೂ ಸಾಧ್ಯವಿರಲಿಲ್ಲ, ಹಳೆಯದಿಲ್ಲದೆ ಹೊಸದಕ್ಕೂ ಸಾಧ್ಯವಿರಲಿಲ್ಲ.

ಬದಲಾಯಿಸದೆ ಇರುವುದೂ ಸುರಕ್ಷಿತ ದಾರಿಯಲ್ಲ ಎಂಬುದಕ್ಕೆ ‘ದ ಲಯನ್ ಕಿಂಗ್’ ಸಾಕ್ಷಿ. 2019ರ ಚಿತ್ರ 1994ರದ್ದನ್ನು ಅನೇಕ ಕಡೆ ದೃಶ್ಯಕ್ಕೆ ದೃಶ್ಯ ಹಿಂಬಾಲಿಸಿತು. ಕೈಯಿಂದ ಬಿಡಿಸಿದ ರೇಖೆಗಳ ಜಾಗದಲ್ಲಿ ಕಂಪ್ಯೂಟರ್ ಸೃಷ್ಟಿಸಿದ, ನಿಜವಾದವೆಂದೇ ತೋರುವ ಪ್ರಾಣಿಗಳು ಬಂದವು. ನಿಜವಾದ ಸಿಂಹದ ಮರಿಗೆ ಹುಬ್ಬು ಏರಿಸಲು ಬರುವುದಿಲ್ಲ. ತಂದೆ ಬಂಡೆಯಿಂದ ಬೀಳುವುದನ್ನು ಕಂಡ ಸಿಂಬನ ಕಣ್ಣುಗಳು ಹಳೆಯ ಚಿತ್ರದಲ್ಲಿ ಮುಖದಷ್ಟಗಲ ತೆರೆದುಕೊಂಡಿದ್ದವು; ಹೊಸದರಲ್ಲಿ ರೋಮ ಒಂದೊಂದೂ ಕಾಣುತ್ತದೆ, ದುಃಖ ಕಾಣುವುದಿಲ್ಲ. ಕತೆಯನ್ನು ಇದ್ದಂತೆಯೇ ಇಟ್ಟುಕೊಂಡು ಮಾಧ್ಯಮವನ್ನು ಬದಲಿಸಿದಾಗ ಕತೆಯೂ ಬದಲಾಗಿಬಿಟ್ಟಿತು.

‘ಲಿಟಲ್ ವಿಮೆನ್’ ವಿಷಯದಲ್ಲಿ ಇದಕ್ಕೆ ವಿರುದ್ಧವಾದುದು ನಡೆದಿದೆ. ಲೂಯಿಸಾ ಮೇ ಆಲ್ಕಾಟ್ ಇದನ್ನು 1868 ಮತ್ತು 1869ರಲ್ಲಿ ಎರಡು ಭಾಗಗಳಾಗಿ ಪ್ರಕಟಿಸಿದಳು. ನಾಲ್ವರು ಸಹೋದರಿಯರ ಈ ಕತೆ ಎಷ್ಟೋ ಸಲ ತೆರೆಗೆ ಬಂದಿದೆ. ಬೆತ್ ಎಂಬ ತಂಗಿ ಸಾಯುವ ಗಳಿಗೆಯನ್ನು ಎರಡು ಚಿತ್ರಗಳಲ್ಲಿ ನೋಡೋಣ. 1994ರಲ್ಲಿ ಜಿಲಿಯನ್ ಆರ್ಮ್‌ಸ್ಟ್ರಾಂಗ್ ಮಾಡಿದ ಚಿತ್ರದಲ್ಲಿ ಕತೆ ಕಾಲಕ್ರಮದಲ್ಲೇ ಸಾಗುತ್ತದೆ. ಬೆತ್ ಹಾಸಿಗೆಯಲ್ಲಿದ್ದಾಳೆ, ಅಕ್ಕ ಜೋ ಪಕ್ಕದಲ್ಲಿದ್ದಾಳೆ. ಗಾಳಿಗೆ ಕಿಟಕಿ ತೆರೆದುಕೊಳ್ಳುತ್ತದೆ, ಜೋ ಎದ್ದು ಹೋಗಿ ಮುಚ್ಚಿ ಹಿಂದಿರುಗಿ ನೋಡುವಷ್ಟರಲ್ಲಿ ಬೆತ್ ಇಲ್ಲ. ಬೆನ್ನು ತಿರುಗಿಸಿದ ಒಂದು ಕ್ಷಣದಲ್ಲಿ ಮುಗಿದುಹೋದ ಆ ಸಾವನ್ನು ನೋಡಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. 2019ರ ಗ್ರೆಟಾ ಗರ್ವಿಗ್ ಚಿತ್ರ ಕಾಲವನ್ನು ಮುರಿದು ಹೆಣೆಯುತ್ತದೆ: ಬಾಲ್ಯ ಬೆಚ್ಚನೆಯ ಬಣ್ಣದಲ್ಲಿ, ಈಗಿನದು ತಣ್ಣನೆಯ ಬಣ್ಣದಲ್ಲಿ. ಬೆತ್‌ಗೆ ಮೊದಲ ಸಲ ಕಾಯಿಲೆಯಾದಾಗ ಜೋ ನಿದ್ದೆಯಿಂದ ಎಚ್ಚೆತ್ತು, ಪಕ್ಕದ ಹಾಸಿಗೆ ಖಾಲಿಯಿರುವುದನ್ನು ಕಂಡು, ಗಾಬರಿಯಿಂದ ಮೆಟ್ಟಿಲಿಳಿದು ಬರುತ್ತಾಳೆ. ಅಡುಗೆಮನೆಯ ಮೇಜಿನ ಬಳಿ ಬೆತ್ ಚೇತರಿಸಿಕೊಂಡು ಕೂತಿದ್ದಾಳೆ. ವರ್ಷಗಳ ನಂತರ ಜೋ ಮತ್ತೆ ಹಾಗೆಯೇ ಎಚ್ಚೆತ್ತು, ಹಾಸಿಗೆ ಖಾಲಿಯಿರುವುದನ್ನು ಕಂಡು, ಅದೇ ಮೆಟ್ಟಿಲಿಳಿದು ಬರುತ್ತಾಳೆ. ಈ ಸಲ ಮೇಜಿನ ಬಳಿ ತಾಯಿ ಒಬ್ಬಳೇ ಇದ್ದಾಳೆ.

ಬೆತ್ ಸಾಯುತ್ತಾಳೆಂದು ಕತೆ ಬಲ್ಲವರಿಗೆಲ್ಲ ಮೊದಲೇ ಗೊತ್ತು. ಆರ್ಮ್‌ಸ್ಟ್ರಾಂಗ್ ಆ ಅರಿವನ್ನು ಮರೆಸಲು ಯತ್ನಿಸುತ್ತಾಳೆ, ಗರ್ವಿಗ್ ಅದನ್ನೇ ಬಳಸಿಕೊಳ್ಳುತ್ತಾಳೆ. ಎರಡನೆಯ ಸಲ ಮೆಟ್ಟಿಲಿಳಿಯುವಾಗ ನಮ್ಮ ಕಾಲಿಗೂ ಮೊದಲ ಸಲದ ನೆನಪಿರುತ್ತದೆ. ಪರಿಚಿತ ಕತೆಯನ್ನು ಮತ್ತೆ ಹೇಳುವವರಿಗೆ ಇರುವ ಬಂಡವಾಳ ಈ ಅರಿವೇ. ಅದನ್ನು ಹೊರೆಯೆಂದು ತಿಳಿದವರ ಚಿತ್ರಗಳು ಸೋಲುವುದನ್ನು ನಾನು ಹೆಚ್ಚಾಗಿ ಕಂಡಿದ್ದೇನೆ.

ಕೊನೆಯದಾಗಿ ಶರತ್‌ಚಂದ್ರರ ‘ದೇವದಾಸ್’. 1917ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಪ್ರಮಥೇಶ್ ಬರುವಾ 1935ರಲ್ಲಿ ತೆರೆಗೆ ತಂದರು. ಸೈಗಲ್ ನಟಿಸಿದ ಅದರ ಹಿಂದಿ ರೂಪಕ್ಕೆ ಕ್ಯಾಮೆರಾ ಹಿಡಿದಿದ್ದ ಬಿಮಲ್ ರಾಯ್ ಇಪ್ಪತ್ತು ವರ್ಷಗಳ ನಂತರ, 1955ರಲ್ಲಿ, ದಿಲೀಪ್ ಕುಮಾರ್ ಅವರೊಂದಿಗೆ ತಮ್ಮದೇ ‘ದೇವದಾಸ್’ ಮಾಡಿದರು. ಹಿಂದಿನ ರೂಪವನ್ನು ಮಸೂರದ ಮೂಲಕ ಅಷ್ಟು ಹತ್ತಿರದಿಂದ ಕಂಡವರೊಬ್ಬರು ಅದೇ ಕತೆಗೆ ಹಿಂದಿರುಗಿದ ನಿದರ್ಶನಗಳು ಅಪರೂಪ. ಕಾದಂಬರಿಯಲ್ಲಿ ದೇವದಾಸನನ್ನು ಪ್ರೀತಿಸಿದ ಇಬ್ಬರು ಹೆಣ್ಣುಗಳು, ಬಾಲ್ಯದ ಗೆಳತಿ ಪಾರ್ವತಿ ಮತ್ತು ವೇಶ್ಯೆಯಾದ ಚಂದ್ರಮುಖಿ, ಪರಸ್ಪರ ಭೇಟಿಯಾಗುವುದೇ ಇಲ್ಲ. ಆ ಭೇಟಿಯ ಆಸೆ ಮಾತ್ರ ಪ್ರತಿಯೊಬ್ಬ ಓದುಗನಿಗೂ ಹುಟ್ಟುತ್ತದೆ.

2002ರಲ್ಲಿ ಸಂಜಯ್ ಲೀಲಾ ಭನ್ಸಾಲಿ ಈ ಆಸೆಯನ್ನು ಪೂರ್ತಿಯಾಗಿ ಈಡೇರಿಸಿದರು. ಅವರ ಚಿತ್ರದಲ್ಲಿ ಪಾರ್ವತಿ ಚಂದ್ರಮುಖಿಯನ್ನು ಮನೆಗೆ ಕರೆಯುತ್ತಾಳೆ, ಇಬ್ಬರೂ ಜೊತೆಯಾಗಿ ಕುಣಿಯುತ್ತಾರೆ. ಆ ಕುಣಿತದ ಸೊಬಗಿಗೆ ನಾನು ಮಾರುಹೋಗಿದ್ದೇನೆ. ಸಮಾಜ ದೂರವಿಟ್ಟ ಹೆಣ್ಣನ್ನು ಜಮೀನ್ದಾರರ ಮನೆಯ ಸೊಸೆ ಎಲ್ಲರೆದುರು ಕೈಹಿಡಿದು ಒಳಗೆ ಕರೆದುಕೊಂಡದ್ದರಲ್ಲಿ ಒಂದು ಧೈರ್ಯವೂ ಇದೆ. ಆದರೆ ಅಲ್ಲಿ ಇಬ್ಬರೂ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸುತ್ತಾರೆ, ನಮಗೆ ಊಹಿಸಲು ಏನೂ ಉಳಿಯುವುದಿಲ್ಲ.

ಬಿಮಲ್ ರಾಯ್ ಕೂಡ ಕಾದಂಬರಿಯನ್ನು ದಾಟಿದ್ದಾರೆ, ಕೂದಲೆಳೆಯಷ್ಟು. ಊರ ಹೊರಗಿನ ದಾರಿಯಲ್ಲಿ ಪಾರ್ವತಿಯನ್ನು ಹೊತ್ತ ಪಲ್ಲಕ್ಕಿ ಒಂದು ದಿಕ್ಕಿನಿಂದ ಬರುತ್ತದೆ. ಎದುರಿನಿಂದ ಚಂದ್ರಮುಖಿ ನಡೆದು ಬರುತ್ತಿದ್ದಾಳೆ. ಇವಳು ಯಾರೆಂದು ಅವಳಿಗೆ ಗೊತ್ತಿಲ್ಲ, ಅವಳು ಯಾರೆಂದು ಇವಳಿಗೆ ಗೊತ್ತಿಲ್ಲ. ಕಣ್ಣುಗಳು ಕೂಡುತ್ತವೆ, ಒಂದು ಮಾತಿಲ್ಲ. ಪಲ್ಲಕ್ಕಿ ಮುಂದೆ ಹೋಗುತ್ತದೆ.